ಸಾಸಿವೆ, ಸೂರ್ಯಕಾಂತಿ ಹೊಲದ ಜೇನುತುಪ್ಪ: ಗಟ್ಟಿಯಾಗುವ ಮುಂಚೆ, ಗಟ್ಟಿಯಾದ ಮೇಲೆ

ಎಣ್ಣೆಕಾಳಿನ ಹೊಲ ಹೂಬಿಟ್ಟಾಗ ಜೇನು ಸಾಕುವವರಿಗೆ ಪುರುಸೊತ್ತೇ ಇರುವುದಿಲ್ಲ. ಸಾಸಿವೆ, ಅದೇ ಜಾತಿಯ ರೇಪ್‌ಸೀಡ್ ಮತ್ತು ಕನೋಲಾ, ಸೂರ್ಯಕಾಂತಿ, ಹುಚ್ಚೆಳ್ಳು, ಎಲ್ಲವೂ ಒಂದೇ ಸಲಕ್ಕೆ ಹೊಲದ ತುಂಬ ಅರಳುತ್ತವೆ. ಹವೆ ಚೆನ್ನಾಗಿದ್ದರೆ ಒಂದೇ ವಾರದಲ್ಲಿ ಪೆಟ್ಟಿಗೆ ಎಷ್ಟು ಭಾರವಾಯಿತು ಅಂತ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಆದರೆ ಈ ತುಪ್ಪಕ್ಕೆ ಒಂದು ಗುಣವಿದೆ. ಬೇರೆ ಹೂವಿನ ತುಪ್ಪ ತಿಂಗಳುಗಟ್ಟಲೆ ನೀರಾಗಿಯೇ ಇರಬಹುದು. ಸಾಸಿವೆ ಜಾತಿಯದು ಕೆಲವೇ ವಾರದಲ್ಲಿ, ಕೆಲವೊಮ್ಮೆ ಕೆಲವೇ ದಿನದಲ್ಲಿ, ಎರಿಯ, ಅಂದರೆ ನೊಣಗಳು ಕಟ್ಟಿದ ಮೇಣದ ಗೂಡಿನ, ಕಣಗಳೊಳಗೇ ಹರಳುಗಟ್ಟಿ ಕೂತುಬಿಡುತ್ತದೆ. ಆಮೇಲೆ ತುಪ್ಪ ತೆಗೆಯುವ ಯಂತ್ರದಲ್ಲಿ ಎಷ್ಟು ತಿರುಗಿಸಿದರೂ ಒಂದು ಹನಿ ಹೊರಗೆ ಬರುವುದಿಲ್ಲ.

ಹರಳಾಗುವುದನ್ನು ಶಾಶ್ವತವಾಗಿ ತಡೆಯಲು ಆಗುವುದಿಲ್ಲ. ತಡೆಯಲೇಬೇಕು ಅಂತ ಹಟಕ್ಕೆ ಬಿದ್ದು ಕಾಯಿಸಿದರೆ ತುಪ್ಪ ಹಾಳಾಗುತ್ತದೆ. ಆದರೆ ಎಲ್ಲಿ ಹರಳಾಗಬೇಕು, ಹೇಗೆ ಹರಳಾಗಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಪೆಟ್ಟಿಗೆ ಇಡುವ ದಿನದಿಂದ ಬಾಟಲಿ ಮುಚ್ಚುವ ದಿನದವರೆಗೆ ಎಲ್ಲ ಕೆಲಸವೂ ಇದರ ಸುತ್ತಲೇ ತಿರುಗುತ್ತದೆ. ಹಾಗಾಗಿ ಮೊದಲು ಇದು ಯಾಕೆ ಇಷ್ಟು ಬೇಗ ಹರಳಾಗುತ್ತದೆ ಅಂತ ನೋಡೋಣ.

ಹರಳಿನ ಲೆಕ್ಕ

ಜೇನುತುಪ್ಪದಲ್ಲಿ ಮುಖ್ಯವಾಗಿ ಎರಡು ಸಕ್ಕರೆ ಇರುತ್ತವೆ, ಫ್ರಕ್ಟೋಸ್ ಮತ್ತು ಗ್ಲೂಕೋಸ್. ಉಳಿದದ್ದರಲ್ಲಿ ದೊಡ್ಡ ಪಾಲು ನೀರು. ಫ್ರಕ್ಟೋಸ್ ನೀರಲ್ಲಿ ಸುಲಭವಾಗಿ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ 350 ಗ್ರಾಂಗಿಂತ ಜಾಸ್ತಿ ಫ್ರಕ್ಟೋಸ್ ಕರಗುತ್ತದೆ. ಗ್ಲೂಕೋಸ್ ಹಾಗಲ್ಲ. ಅಷ್ಟೇ ನೀರಿಗೆ ಸುಮಾರು 90 ಗ್ರಾಂ ಕರಗಿದರೆ ಹೆಚ್ಚು.

ಈಗ ಸಾಸಿವೆ ಜಾತಿಯ ಜೇನುತುಪ್ಪ 100 ಗ್ರಾಂ ತೆಗೆದುಕೊಳ್ಳಿ. ಅದರಲ್ಲಿ ನೀರು ಸುಮಾರು 17 ಗ್ರಾಂ, ಗ್ಲೂಕೋಸ್ 40 ಗ್ರಾಂ ಆಸುಪಾಸು. 17 ಗ್ರಾಂ ಬರೀ ನೀರು ಹೊರಬಹುದಾದ ಗ್ಲೂಕೋಸ್ ಸುಮಾರು 15 ಗ್ರಾಂ ಮಾತ್ರ. ಅಂದರೆ ಹೊರಲಾರದಷ್ಟು ಗ್ಲೂಕೋಸನ್ನು ಆ ನೀರು ಹೇಗೋ ಹೊತ್ತು ನಿಂತಿದೆ. ಒಂದು ಸಣ್ಣ ನೆಪ ಸಿಕ್ಕರೆ ಸಾಕು, ಇಳಿಸಿಬಿಡುತ್ತದೆ. ಪರಾಗದ ಒಂದು ಕಣ, ಮೇಣದ ಒಂದು ಚೂರು, ಕಳೆದ ಹಂಗಾಮಿನಿಂದ ಎರಿಯಲ್ಲಿ ಉಳಿದ ಒಂದು ಹರಳು, ಯಾವುದಾದರೂ ನೆಪವಾಗಬಹುದು. ಅದನ್ನು ಹಿಡಿದುಕೊಂಡು ಹರಳು ಬೆಳೆಯಲು ಶುರುವಾಗುತ್ತದೆ.

ತುಪ್ಪದಲ್ಲಿ ಗ್ಲೂಕೋಸ್ ನೀರಿನ ಎರಡು ಪಟ್ಟಿಗಿಂತ ಜಾಸ್ತಿಯಿದ್ದರೆ ಅದು ಬೇಗ ಹರಳಾಗುತ್ತದೆ ಅನ್ನುವುದು ಒಂದು ಒಳ್ಳೆಯ ಅಂದಾಜು. ಸಾಮಾನ್ಯ ಜೇನುತುಪ್ಪಗಳಲ್ಲಿ ಫ್ರಕ್ಟೋಸ್ ಮೇಲುಗೈ ಪಡೆದಿರುತ್ತದೆ. ಸಾಸಿವೆ ಜಾತಿಯಲ್ಲಿ ಎರಡೂ ಸಮ, ಅಥವಾ ಗ್ಲೂಕೋಸೇ ಒಂದು ಕೈ ಮೇಲೆ. ಹೂವಿನ ಮಕರಂದದಲ್ಲೇ ಅದು ಹಾಗಿರುತ್ತದೆ. ಸೂರ್ಯಕಾಂತಿಯ ತುಪ್ಪವೂ ಬೇಗ ಗಟ್ಟಿಯಾಗುತ್ತದೆ, ಆದರೆ ಸಾಮಾನ್ಯವಾಗಿ ಸಾಸಿವೆಗಿಂತ ಸ್ವಲ್ಪ ಸಮಯ ಕೊಡುತ್ತದೆ.

ಉಷ್ಣತೆಯ ಪಾತ್ರವೂ ದೊಡ್ಡದು. 14 ಡಿಗ್ರಿಯ ಹತ್ತಿರ ಹರಳಾಗುವ ವೇಗ ಅತಿ ಹೆಚ್ಚು. ಅದಕ್ಕಿಂತ ತುಂಬ ತಣ್ಣಗಿದ್ದರೆ ತುಪ್ಪ ಎಷ್ಟು ಮಂದವಾಗುತ್ತದೆಂದರೆ ಹರಳು ಬೆಳೆಯಲು ಬೇಕಾದ ಓಡಾಟವೇ ಒಳಗೆ ನಡೆಯುವುದಿಲ್ಲ. ಅದಕ್ಕೇ ಫ್ರೀಜರಿನಲ್ಲಿಟ್ಟ ತುಪ್ಪ ಹರಳಾಗದೆ ಉಳಿಯುತ್ತದೆ. ಬಿಸಿ ಜಾಸ್ತಿಯಾದರೆ ಗ್ಲೂಕೋಸ್ ಮತ್ತೆ ಕರಗುತ್ತದೆ. ಮರಿಗಳಿರುವ ಜಾಗವನ್ನು ನೊಣಗಳು ಸುಮಾರು 35 ಡಿಗ್ರಿಯಲ್ಲಿ ಕಾಯುತ್ತವೆ. ಅದಕ್ಕೆ ಅಂಟಿಕೊಂಡ ಎರಿಯಲ್ಲಿ ತುಪ್ಪ ನೀರಾಗಿಯೇ ಇದ್ದು, ತುಪ್ಪ ತುಂಬುವ ಮೇಲಿನ ಕೋಣೆಯ ಅಂಚಿನಲ್ಲಿ ಎರಿ ಹೊತ್ತ ಎರಡು ಚೌಕಟ್ಟುಗಳು ಆಗಲೇ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಪರೀಕ್ಷೆ ಮಾಡುವಾಗ ಮೊದಲು ಅಂಚಿನವನ್ನೇ ಎತ್ತಿ ನೋಡಿ.

ಹೂವಿಗೆ ಮುಂಚೆ ಕುಟುಂಬ ತಯಾರಾಗಿರಬೇಕು

ತುಂಬ ಜನ ಗಮನಿಸದ ಸಂಗತಿ ಇದು. ಮೊಟ್ಟೆಯಿಟ್ಟ ದಿನದಿಂದ ಕೆಲಸಗಾರ ನೊಣ ಹೊರಬರಲು ಯುರೋಪ್ ಮೂಲದ ಸಾಕುಜೇನಾದ ಮೆಲ್ಲಿಫೆರಾದಲ್ಲಿ 21 ದಿನ ಬೇಕು. ಹೊರಬಂದ ತಕ್ಷಣ ಅದು ಹೂವಿಗೆ ಹೋಗುವುದಿಲ್ಲ. ಸುಮಾರು ಮೂರು ವಾರ ಪೆಟ್ಟಿಗೆಯೊಳಗೇ ಮರಿಗಳಿಗೆ ಉಣಿಸುವುದು, ಮೇಣ ಕಟ್ಟುವುದು, ಬಂದ ಮಕರಂದವನ್ನು ಇಸಿದುಕೊಳ್ಳುವುದು ಹೀಗೆ ಕೆಲಸ ಮಾಡುತ್ತದೆ. ಆಮೇಲೆ ಹೊಲಕ್ಕೆ. ಅಂದರೆ ಇವತ್ತಿನ ಮೊಟ್ಟೆ ಹೊಲಕ್ಕೆ ಹೋಗುವ ನೊಣವಾಗಲು ಹತ್ತಿರ ಹತ್ತಿರ ಆರು ವಾರ. ಸಾಸಿವೆ ಹೊಲದಲ್ಲಿ ಒಳ್ಳೆಯ ಹೂವು ಇರುವುದು ಸುಮಾರು ನಾಲ್ಕು ವಾರ. ಹೂ ಅರಳಿದ ಮೇಲೆ ರಾಣಿ ಇಟ್ಟ ಮೊಟ್ಟೆಗಳು ಆ ಹೊಲದ ಹೂವನ್ನೇ ನೋಡುವುದಿಲ್ಲ! ಹಾಗಾಗಿ ಕುಟುಂಬ ಬಲವಾಗಬೇಕಾದ್ದು ಹೂವಿಗೆ ಒಂದೂವರೆ ತಿಂಗಳು ಮುಂಚೆ. ಎಂಟು ಸಣ್ಣ ಕುಟುಂಬಗಳಿಗಿಂತ ನಾಲ್ಕು ದೊಡ್ಡ ಕುಟುಂಬಗಳು ಜಾಸ್ತಿ ತುಪ್ಪ ಕೊಡುತ್ತವೆ.

ಪೆಟ್ಟಿಗೆಗಳನ್ನು ಹೊಲದ ಹತ್ತಿರ ಒಯ್ಯುವುದು ಯಾವಾಗ? ಹೂ ಶುರುವಾಗುವ ಮುಂಚೆ ಒಯ್ದರೆ ನೊಣಗಳು ಸುಮ್ನೆ ಕೂರುವುದಿಲ್ಲ. ಸುತ್ತಮುತ್ತ ಸಿಕ್ಕ ಬೇರೆ ಹೂವನ್ನು ಹುಡುಕಿಕೊಂಡು ಅದಕ್ಕೇ ಅಂಟಿಕೊಳ್ಳುತ್ತವೆ. ಒಂದು ಜಾತಿಯ ಹೂವಿಗೆ ಹೊಂದಿಕೊಂಡ ನೊಣ ಅದು ಮುಗಿಯುವವರೆಗೆ ಅಲ್ಲಿಗೇ ಹೋಗುತ್ತದೆ. ಹೊಲದಲ್ಲಿ ನೂರಕ್ಕೆ ಐದರಿಂದ ಹತ್ತು ಗಿಡ ಹೂಬಿಟ್ಟಾಗ ಇಡುವುದು ಒಳ್ಳೆಯದು. ಆಗ ಮೊದಲ ಹಾರಾಟದಲ್ಲೇ ಹೊಲ ಕಣ್ಣಿಗೆ ಬೀಳುತ್ತದೆ. ಹುಡುಕಿ ಬಂದ ನೊಣ ಎರಿಯ ಮೇಲೆ ಕುಣಿದು ಎಷ್ಟು ದೂರ, ಯಾವ ದಿಕ್ಕು ಅಂತ ಉಳಿದವಕ್ಕೆ ತಿಳಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು.

ದೂರವೂ ಮುಖ್ಯ. ಮೆಲ್ಲಿಫೆರಾ ಮೂರು ಕಿಲೋಮೀಟರ್ ಹೋಗಿ ಬರಬಲ್ಲದು. ತುಡುವೆ ಜೇನು ಬಹುಮಟ್ಟಿಗೆ ಒಂದು ಕಿಲೋಮೀಟರಿನೊಳಗೇ ಓಡಾಡುತ್ತದೆ. ಆದರೆ ಒಂದು ನೊಣ ಒಂದು ಸಲಕ್ಕೆ ತರುವುದು ಸುಮಾರು 30–40 ಮಿಲಿಗ್ರಾಂ ಮಕರಂದ. ದೂರ ಹೋದಷ್ಟೂ ತಂದದ್ದರಲ್ಲಿ ಒಂದು ಪಾಲು ಹಾರುವುದಕ್ಕೇ ಖರ್ಚು. ಮೋಡ, ಗಾಳಿ ಇರುವ ದಿನ ಹತ್ತಿರದ ಪೆಟ್ಟಿಗೆ ನಾಲ್ಕು ಸುತ್ತು ಹೊಡೆದಿರುತ್ತದೆ, ದೂರದ್ದು ಹೊರಡುವುದೇ ಇಲ್ಲ. ಹೊಲದ ಅಂಚಿನಲ್ಲೇ, ಗಾಳಿಗೆ ಮರೆ ಇರುವ ಕಡೆ, ಬೆಳಗಿನ ಬಿಸಿಲು ಬೀಳುವ ಹಾಗೆ ಇಡಿ. ಹತ್ತಿರದಲ್ಲಿ ನೀರಿರಲಿ. ಸಾಮಾನ್ಯವಾಗಿ ಹೆಕ್ಟೇರಿಗೆ ಎರಡರಿಂದ ಐದು ಪೆಟ್ಟಿಗೆ ಸಾಕು.

ಸಾಗಿಸುವುದು ರಾತ್ರಿ, ನೊಣಗಳೆಲ್ಲ ಒಳಗೆ ಸೇರಿದ ಮೇಲೆ. ಬಾಗಿಲಿಗೆ ಜಾಲರಿ ಹಾಕಿ ಗಾಳಿಯಾಡುವಂತೆ ಮಾಡಬೇಕು. ಹಳೆಯ ಜಾಗದಿಂದ ತೀರ ಹತ್ತಿರಕ್ಕೆ, ಒಂದೆರಡು ಕಿಲೋಮೀಟರಿನೊಳಗೆ, ಸಾಗಿಸಿದರೆ ಹಾರಲು ಕಲಿತ ನೊಣಗಳು ಮಾರನೇ ದಿನ ಹಳೆ ಜಾಗಕ್ಕೇ ವಾಪಸು ಹೋಗುತ್ತವೆ.

ರೈತರಿಗೆ ಇದರಲ್ಲಿ ಏನು ಲಾಭ ಅಂತ ಕೇಳಿದರೆ, ಬೆಳೆಯಿಂದ ಬೆಳೆಗೆ ಉತ್ತರ ಬೇರೆ. ಹುಚ್ಚೆಳ್ಳಿನ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಇನ್ನೊಂದು ಗಿಡದ ಪರಾಗ ಬರಲೇಬೇಕು, ತರುವುದು ನೊಣವೇ. ರೇಪ್‌ಸೀಡ್ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಬಲ್ಲದು. ಆದರೆ ನೊಣ ಬಂದರೆ ಮೊದಲ ಹೂಗಳಲ್ಲೇ ಕಾಯಿ ಹಿಡಿದು, ಹೊಲವೆಲ್ಲ ಒಟ್ಟಿಗೆ ಮಾಗುತ್ತದೆ. ಕೊಯ್ಲಿಗೆ ಇದು ದೊಡ್ಡ ಅನುಕೂಲ. ಸೂರ್ಯಕಾಂತಿಯ ಒಂದು ತಟ್ಟೆ ಅಂದರೆ ಒಂದು ಹೂವಲ್ಲ, ಸಾವಿರಕ್ಕೂ ಹೆಚ್ಚು ಪುಟ್ಟ ಹೂಗಳ ಗುಂಪು. ಹತ್ತಿರದಿಂದ ನೋಡಿದರೆ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಅರಳುತ್ತಾ ಹೋಗುವುದು ಕಾಣುತ್ತದೆ. ಒಂದೊಂದು ಪುಟ್ಟ ಹೂವು ಮೊದಲ ದಿನ ಪರಾಗ ಕೊಡುತ್ತದೆ, ಮಾರನೇ ದಿನ ಪರಾಗ ಪಡೆಯಲು ತೆರೆದುಕೊಳ್ಳುತ್ತದೆ. ಹೊರಗಿನ ಸುತ್ತು ಪರಾಗ ಬೇಡುತ್ತಿರುವಾಗ ಒಳಗಿನ ಸುತ್ತು ಪರಾಗ ಕೊಡುತ್ತಿರುತ್ತದೆ. ನೊಣ ಆ ತಟ್ಟೆಯ ಮೇಲೆ ಸುಮ್ನೆ ನಡೆದಾಡಿದರೂ ಕೆಲಸ ಆಗುತ್ತದೆ. ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಲ್ಲಿ ಪರಾಗವೇ ಇಲ್ಲದ ಸಾಲುಗಳಿರುತ್ತವೆ. ಅಲ್ಲಂತೂ ನೊಣವಿಲ್ಲದೆ ಬೀಜವಿಲ್ಲ.

ಕುಟುಂಬಕ್ಕೆ ಸಿಗುವ ಊಟದಲ್ಲೂ ವ್ಯತ್ಯಾಸವಿದೆ. ಸಾಸಿವೆ ಜಾತಿಯ ಪರಾಗದಲ್ಲಿ ಪ್ರೋಟೀನ್ ಚೆನ್ನಾಗಿದೆ. ರಾಣಿ ಜೋರಾಗಿ ಮೊಟ್ಟೆ ಇಡುತ್ತಾಳೆ, ಪೆಟ್ಟಿಗೆ ತುಂಬಿ ತುಳುಕುತ್ತದೆ, ಕುಟುಂಬ ಎರಡಾಗಿ ಪಾಲಾಗುವ ಯೋಚನೆ ಮಾಡುತ್ತದೆ. ಸೂರ್ಯಕಾಂತಿಯ ಪರಾಗದಲ್ಲಿ ಪ್ರೋಟೀನ್ ಕಡಿಮೆ. ಬರೀ ಸೂರ್ಯಕಾಂತಿಯನ್ನೇ ನಂಬಿದ ಕುಟುಂಬ ತುಪ್ಪ ತುಂಬಿಸಿಕೊಂಡೂ ಒಳಗಿಂದ ಸೊರಗಬಹುದು. ಹತ್ತಿರದಲ್ಲಿ ಬೇರೆ ಹೂವೂ ಇರುವ ಜಾಗ ಆರಿಸಿಕೊಳ್ಳಿ.

ಪಾಲಾಗುವುದನ್ನು ತಡೆಯಲು ಜಾಗ ಕೊಡುವುದೇ ಮೊದಲ ಉಪಾಯ. ಮೇಲಿನ ಜೇನು ಕೋಣೆಯನ್ನು ತುಂಬಿದ ಮೇಲೆ ಕೊಡುವುದಲ್ಲ, ತುಂಬುವ ಮುಂಚೆಯೇ ಕೊಡಬೇಕು. ಹಸಿ ಮಕರಂದ ಹರಡಿ ಆರಿಸಲು, ಆರಿದ ಮೇಲೆ ತುಂಬಿಡಲು ಬೇಕಾದ ಜಾಗಕ್ಕಿಂತ ಎಷ್ಟೋ ಜಾಸ್ತಿ ಜಾಗ ಬೇಕು. ಕಟ್ಟಿದ ಎರಿ ಇದ್ದರೆ ಅದನ್ನೇ ಕೊಡಿ. ಮೇಣದ ಹಾಳೆ ಕಟ್ಟಿಸುವುದಿದ್ದರೂ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಎಳೆಯ ನೊಣಗಳು ಬೇಕಾದಷ್ಟು ಇರುತ್ತವೆ. ವಾರಕ್ಕೊಮ್ಮೆ ಮರಿಗಳಿರುವ ಸಂಸಾರ ಕೋಣೆಯಲ್ಲಿ, ಹೊಸ ರಾಣಿ ಬೆಳೆಯುವ ರಾಣಿ ಕಣಗಳನ್ನು ಹುಡುಕಿ. ರಾಣಿ ಕಣಕ್ಕೆ ಮೊಟ್ಟೆಯಿಟ್ಟ ಎಂಟು ಒಂಬತ್ತು ದಿನಕ್ಕೆ ಮುಚ್ಚಳ ಬೀಳುತ್ತದೆ, ಅದರ ಆಸುಪಾಸಿನಲ್ಲೇ ಹಳೆ ರಾಣಿ ಅರ್ಧ ಕುಟುಂಬ ಕಟ್ಟಿಕೊಂಡು ಹೊರಡುತ್ತಾಳೆ. ಹತ್ತು ದಿನಕ್ಕೊಮ್ಮೆ ನೋಡುವವರಿಗೆ ಆ ದೃಶ್ಯ ತಪ್ಪಿಹೋಗಿರುತ್ತದೆ.

ಔಷಧಿ ಸಿಂಪಡಣೆ

ಎಣ್ಣೆಕಾಳು ಬೆಳೆಗಳಿಗೆ ಕೀಟದ ಕಾಟ ಜಾಸ್ತಿ, ಔಷಧಿಯೂ ಜಾಸ್ತಿ. ಪೆಟ್ಟಿಗೆ ಇಡುವ ಮುಂಚೆ ಹೊಲದವರ ಹತ್ತಿರ ಕೂತು ಮಾತಾಡಿ. ಯಾವ ಔಷಧಿ, ಯಾವಾಗ, ಬೀಜಕ್ಕೆ ಮೊದಲೇ ಲೇಪ ಹಾಕಿದ್ದಾರಾ, ಎಲ್ಲ ಕೇಳಿ. ಬೀಜಕ್ಕೆ ಹಾಕಿದ ಕೆಲವು ಕೀಟನಾಶಕಗಳು ಗಿಡದ ಜೊತೆಗೇ ಬೆಳೆದು ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಎಂಬ ಮೂರನ್ನು ನೊಣಗಳು ಹೋಗುವ ಬೆಳೆಗಳಿಗೆ ಬಳಸದಂತೆ ಯುರೋಪಿಯನ್ ಒಕ್ಕೂಟ 2013ರಲ್ಲಿ ಕಡಿವಾಣ ಹಾಕಿತು. 2018ರಲ್ಲಿ ಬಯಲಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತು.

ಹೂವಿರುವಾಗ ಸಿಂಪಡಿಸುವುದನ್ನು ಬಿಡಲು ಆಗದಿದ್ದರೆ ಸಂಜೆ, ನೊಣಗಳು ಗೂಡು ಸೇರಿದ ಮೇಲೆ ಸಿಂಪಡಿಸಲು ಕೇಳಿಕೊಳ್ಳಿ. ಶಿಲೀಂಧ್ರನಾಶಕವನ್ನೂ ಕೀಟನಾಶಕವನ್ನೂ ಒಂದೇ ಟ್ಯಾಂಕಿಗೆ ಬೆರೆಸುವುದು ಬೇಡ. ಕೆಲವು ಶಿಲೀಂಧ್ರನಾಶಕಗಳು ನೊಣದ ಮೈಯಲ್ಲಿ ವಿಷ ಕರಗಿಸುವ ಶಕ್ತಿಯನ್ನೇ ಕುಗ್ಗಿಸುತ್ತವೆ, ಆಗ ಕೀಟನಾಶಕದ ಪೆಟ್ಟು ಎಷ್ಟೋ ಪಟ್ಟು ಜಾಸ್ತಿ. ಪೆಟ್ಟಿಗೆಯ ಬಾಗಿಲು ಮುಚ್ಚಿ ಕಾಪಾಡುತ್ತೇನೆ ಅನ್ನುವುದು ಬಿಸಿಲಲ್ಲಿ ಅಪಾಯ. ಬಲವಾದ ಕುಟುಂಬ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗೇ ಸಾಯುತ್ತದೆ. ಮುನ್ಸೂಚನೆ ಸಿಕ್ಕರೆ ಸಾಗಿಸಿಬಿಡುವುದೇ ಮೇಲು.

ತೆಗೆಯುವ ದಿನ

ಎಲ್ಲ ಕಡೆ ಕಲಿಸುವ ಪಾಠ ಒಂದೇ: ಎರಿಯ ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತುಪ್ಪ ತೆಗೆಯಬೇಕು. ಬೇರೆ ಹೂವುಗಳಿಗೆ ಇದು ಸರಿ. ಸಾಸಿವೆ ಜಾತಿಗೆ ಇದನ್ನೇ ಕಣ್ಣುಮುಚ್ಚಿ ಪಾಲಿಸಿದರೆ ಕೊನೆಯ ಕಣಕ್ಕೆ ಮುಚ್ಚಳ ಬೀಳುವಷ್ಟರಲ್ಲಿ ಮೊದಲ ಕಣ ಗಟ್ಟಿಯಾಗಿರುತ್ತದೆ. ಹಾಗಂತ ಹಸಿ ತುಪ್ಪ ತೆಗೆದರೆ ಹುಳಿ ಬರುತ್ತದೆ. ಈ ಎರಡರ ನಡುವಿನ ಕಿಂಡಿ ಸಣ್ಣದು.

ಅಲ್ಲಿ ನಂಬಬೇಕಾದ್ದು ಮುಚ್ಚಳವನ್ನಲ್ಲ, ನೀರಿನ ಅಂಶವನ್ನು. ಚೌಕಟ್ಟನ್ನು ಅಡ್ಡಲಾಗಿ ಹಿಡಿದು ಕೆಳಕ್ಕೆ ಒಮ್ಮೆ ಜಾಡಿಸಿ. ಮುಚ್ಚಳವಿಲ್ಲದ ಕಣಗಳಿಂದ ಹನಿ ಸಿಡಿದರೆ ಅದಿನ್ನೂ ಮಕರಂದ, ವಾಪಸು ಇಡಿ. ಏನೂ ಬೀಳದಿದ್ದರೆ ಹತ್ತಿರ ಬಂದಿದೆ. ಬೆಳಗ್ಗೆ, ಹೊಸ ಮಕರಂದ ಬರುವ ಮುಂಚೆ ಈ ಪರೀಕ್ಷೆ ಮಾಡಬೇಕು. ಮಧ್ಯಾಹ್ನ ಮಾಡಿದರೆ ಆಗ ತಾನೆ ತಂದದ್ದು ಸಿಡಿದು ಲೆಕ್ಕ ತಪ್ಪಿಸುತ್ತದೆ. ಕೈಯಲ್ಲಿ ರಿಫ್ರಾಕ್ಟೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಗಾಜಿನ ಮೇಲೆ ಒಂದು ಹನಿ ಸವರಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ ಬಿಳಿ ಸೇರುವ ಗೆರೆ ನೀರಿನ ಅಂಶ ಹೇಳುತ್ತದೆ. ಗೆರೆ ಮಸುಕಾಗಿ ಕಂಡರೆ ಹರಳು ಶುರುವಾಗಿದೆ ಅಂತ ಅರ್ಥ. ಅಂಥ ಹನಿಯ ಲೆಕ್ಕ ನಂಬಬೇಡಿ, ಕರಗಿಸಿ ಮತ್ತೆ ನೋಡಿ.

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸಾಮಾನ್ಯ ಜೇನುತುಪ್ಪದಲ್ಲಿ ನೀರು 20 ಶೇಕಡಾ ಮೀರಬಾರದು. ಆದರೆ ಬೇಗ ಹರಳಾಗುವ ತುಪ್ಪಕ್ಕೆ ಇಪ್ಪತ್ತು ಜಾಸ್ತಿಯೇ. 18ರ ಕೆಳಗೆ ತರಲು ನೋಡಿ. 17ಕ್ಕೆ ಇಳಿದರೆ ಹುಳಿ ಬರುವ ಭಯವೇ ಇರುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೂ ಪೂರ್ತಿ ಮುಗಿಯಲಿ ಅಂತ ಕಾಯಬೇಡಿ. ಹೊಲದ ಹಳದಿ ಬಣ್ಣ ತೆಳುವಾಗಿ ಹಸಿರು ಕಾಣಲು ಶುರುವಾಯಿತು ಅಂದರೆ ಪಾತ್ರೆ, ಯಂತ್ರ ಎಲ್ಲ ತೊಳೆದು ಒಣಗಿಸಿ ಇಟ್ಟುಕೊಂಡಿರಬೇಕು. ಒಂದೇ ಸಲ ತೆಗೆಯುವ ಬದಲು ಆದ ಚೌಕಟ್ಟುಗಳನ್ನು ಆದಾಗಲೇ ತೆಗೆಯುವುದು ನನಗೆ ಸರಿ ಕಾಣುತ್ತದೆ. ಕೆಲಸ ಜಾಸ್ತಿ, ನಷ್ಟ ಕಡಿಮೆ.

ತೆಗೆದ ದಿನವೇ ಹಿಂಡಬೇಕು. ಪೆಟ್ಟಿಗೆಯಿಂದ ಬಂದಾಗ ಎರಿ ಬೆಚ್ಚಗಿರುತ್ತದೆ, ತುಪ್ಪ ಸಲೀಸಾಗಿ ಹರಿಯುತ್ತದೆ. ತಂಪು ಕೋಣೆಯಲ್ಲಿ ಒಂದು ರಾತ್ರಿ ಬಿಟ್ಟರೆ ಮಂದವಾಗುತ್ತದೆ, ಎರಡು ದಿನ ಬಿಟ್ಟರೆ ಕೆಲವು ಕಣಗಳು ಕೈ ಕೊಟ್ಟಿರುತ್ತವೆ. ತಕ್ಷಣ ಆಗದಿದ್ದರೆ ಚೌಕಟ್ಟುಗಳನ್ನು 30–35 ಡಿಗ್ರಿ ಬಿಸಿಯ ಮುಚ್ಚಿದ ಜಾಗದಲ್ಲಿ ಇಡಿ. ಅದಕ್ಕಿಂತ ಬಿಸಿ ಬೇಡ, ಎರಿ ಮೆತ್ತಗಾಗಿ ಯಂತ್ರದಲ್ಲಿ ಮುರಿಯುತ್ತದೆ. ಸೋಸುವಾಗಲೂ ಮೊದಲು ದಪ್ಪ ಕಣ್ಣಿನ ಜರಡಿ, ಆಮೇಲೆ ಸಣ್ಣದು. ಶುರುವಿಗೇ ತೆಳು ಬಟ್ಟೆ ಹಾಕಿದರೆ ಸಣ್ಣ ಹರಳುಗಳು ಕೂತು ಕಟ್ಟಿಕೊಳ್ಳುತ್ತದೆ.

ಎರಿಯಲ್ಲೇ ಗಟ್ಟಿಯಾದರೆ

ಮುಚ್ಚಳ ಕೆತ್ತಿದಾಗ ಕಣದೊಳಗೆ ಹೊಳಪಿನ ಬದಲು ಬಿಳಿಚು ಮಂಕು ಕಂಡರೆ, ಕಡ್ಡಿ ಚುಚ್ಚಿದಾಗ ಮರಳು ಮರಳಾಗಿ ತಡೆದರೆ, ಆ ಎರಿ ಹೋಯಿತು ಅಂತಲೇ ಅರ್ಥ. ಆದರೂ ತುಪ್ಪ ಹೋಗಿಲ್ಲ.

ಅರ್ಧಂಬರ್ಧ ಗಟ್ಟಿಯಾಗಿದ್ದರೆ ಹರಿಯುವಷ್ಟನ್ನು ಯಂತ್ರದಲ್ಲಿ ತೆಗೆಯಿರಿ. ಉಳಿದ ಎರಿಯ ಮೇಲೆ ಬೆಚ್ಚಗಿನ ನೀರು ಚಿಮುಕಿಸಿ ಬಲವಾದ ಕುಟುಂಬಕ್ಕೆ ವಾಪಸು ಕೊಡಿ. ಸಂಸಾರ ಕೋಣೆಯ ಕೆಳಗೆ ಇಟ್ಟರೆ ಇನ್ನೂ ಚೆನ್ನ. ತುಪ್ಪ ಬಾಗಿಲ ಹತ್ತಿರ, ಮರಿಗಳ ಕೆಳಗೆ ಇರುವುದು ನೊಣಗಳಿಗೆ ಇಷ್ಟವಿಲ್ಲ. ನೀರು ತಂದು ಕರಗಿಸಿ ಮೇಲಕ್ಕೆ ಸಾಗಿಸುತ್ತವೆ. ಆದರೆ ನೊಣಗಳು ಹರಳನ್ನು ಒಂದೊಂದಾಗಿ ಹೊರಗೆ ಎಸೆಯುವುದೂ ಉಂಟು. ಪೆಟ್ಟಿಗೆಯ ನೆಲದಲ್ಲಿ ಬಿಳಿ ಪುಡಿ ಬಿದ್ದಿದ್ದರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ.

ಪೂರ್ತಿ ಗಟ್ಟಿಯಾಗಿದ್ದರೆ ಎರಿಯನ್ನು ನಡುವಿನ ಮೇಣದ ಹಾಳೆಯವರೆಗೆ ಕೆರೆದು ತೆಗೆದು, ನೇರ ಬೆಂಕಿ ತಗಲದ ಹಾಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಮೇಣ ಕರಗುವುದು 62–64 ಡಿಗ್ರಿಯಲ್ಲಿ. ಅಷ್ಟು ಬಿಸಿ ಮಾಡಿದರೆ ಮೇಣ ಮೇಲೆ ತೇಲಿ ಬಿಲ್ಲೆಯಾಗಿ ಕೂರುತ್ತದೆ, ತುಪ್ಪ ಕೆಳಗೆ ಉಳಿಯುತ್ತದೆ. ಆದರೆ ಈ ತುಪ್ಪ ಬಿಸಿ ಕಂಡದ್ದು. ಅಡುಗೆಗೆ, ಬೇಕರಿ ತಿನಿಸಿಗೆ ಬಳಸಿ, ಒಳ್ಳೆಯ ತುಪ್ಪದ ಜೊತೆ ಬೆರೆಸಬೇಡಿ. ಎರಿಗಳು ಕಡಿಮೆಯಿದ್ದರೆ ಕೆರೆಯುವ ಗೋಜೇ ಬೇಡ, ಕುಟುಂಬಕ್ಕೇ ಮೇವಾಗಿ ಬಿಟ್ಟುಬಿಡಿ.

ಹರಳನ್ನು ನಯ ಮಾಡುವುದು

ಬಕೆಟಿಗೆ ಬಂದ ತುಪ್ಪವನ್ನು ಹಾಗೇ ಬಿಟ್ಟರೆ ತನ್ನಷ್ಟಕ್ಕೆ ತಾನೇ ಗಟ್ಟಿಯಾಗುತ್ತದೆ. ಸಾಸಿವೆಯದಾದರೆ ಸಾಮಾನ್ಯವಾಗಿ ಹರಳು ಸಣ್ಣದೇ, ಆದರೆ ಒಂದಕ್ಕೊಂದು ಬಿಗಿದುಕೊಂಡು ಚಮಚ ಬಾಗುವಷ್ಟು ಗಟ್ಟಿ. ಬೇರೆ ಹೂವು ಬೆರೆತು ನಿಧಾನವಾಗಿ ಹರಳಾದರೆ ನಾಲಿಗೆಗೆ ಮರಳಿನ ಹಾಗೆ ಒರಟು. ಬೆಣ್ಣೆಯಂತೆ ಸವರುವ ಹದಕ್ಕೆ ತರಲು ಒಂದು ವಿಧಾನವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಲ್ಟನ್ ಡೈಸ್ ಅದನ್ನು ಅಚ್ಚುಕಟ್ಟು ಮಾಡಿ 1935ರಲ್ಲಿ ಪೇಟೆಂಟ್ ಪಡೆದರು.

ತತ್ವ ಹಾಲಿಗೆ ಹೆಪ್ಪು ಹಾಕುವುದರ ಹಾಗೆಯೇ. ಈಗಾಗಲೇ ನಯವಾಗಿ ಹರಳಾದ ತುಪ್ಪವನ್ನು ನೀರಾಗಿರುವ ತುಪ್ಪಕ್ಕೆ ಬೆರೆಸಿದರೆ ಅದರಲ್ಲಿರುವ ಕೋಟಿಗಟ್ಟಲೆ ಸಣ್ಣ ಹರಳುಗಳ ಮೇಲೆ ಗ್ಲೂಕೋಸ್ ಹಂಚಿಕೊಂಡು ಕೂರುತ್ತದೆ. ಯಾವುದೂ ದೊಡ್ಡದಾಗಿ ಬೆಳೆಯುವುದಿಲ್ಲ. ಡೈಸ್ ವಿಧಾನದಲ್ಲಿ ತುಪ್ಪವನ್ನು ಮೊದಲು ಸುಮಾರು 66 ಡಿಗ್ರಿಗೆ ಸ್ವಲ್ಪ ಹೊತ್ತು ಬಿಸಿ ಮಾಡಿ ಇರುವ ಹರಳನ್ನೂ ಹುಳಿ ಬರಿಸುವ ಯೀಸ್ಟನ್ನೂ ಇಲ್ಲವಾಗಿಸಿ, ಬೇಗನೆ 24 ಡಿಗ್ರಿಗೆ ತಣಿಸಿ, ಐದರಿಂದ ಹತ್ತು ಶೇಕಡಾ ಹೆಪ್ಪು ಬೆರೆಸಿ, 14 ಡಿಗ್ರಿಯಲ್ಲಿ ಇಡುತ್ತಾರೆ. ಒಂದು ವಾರದಲ್ಲಿ ತಯಾರು. ನೀರಿನ ಅಂಶ ಕಡಿಮೆಯಿರುವ, ಆಗ ತಾನೆ ತೆಗೆದ ತುಪ್ಪಕ್ಕೆ ಮೊದಲಿನ ಬಿಸಿಯ ಹಂತ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೇರವಾಗಿ ಹೆಪ್ಪಿಡಬಹುದು.

ಹೆಪ್ಪು ಆರಿಸುವುದರಲ್ಲೇ ಎಲ್ಲ ಇದೆ. ಚಿಟಿಕೆಯಷ್ಟು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ನಾಲಿಗೆಯಿಂದ ಅಂಗುಳಿಗೆ ಒತ್ತಿ ನೋಡಿ. ಒಂದೇ ಒಂದು ಕಾಳೂ ತಗಲಬಾರದು. ತಗಲಿದರೆ ನೀವು ಮಾಡುವ ಬಕೆಟೆಲ್ಲ ಹಾಗೇ ಆಗುತ್ತದೆ. ಸಾಸಿವೆ ಜಾತಿಯ ತುಪ್ಪವೇ ಒಳ್ಳೆಯ ಹೆಪ್ಪು. ಬೇರೆ ಹೂವಿನ ತುಪ್ಪವನ್ನು ನಯ ಮಾಡಲೂ ಇದನ್ನೇ ಬಳಸುತ್ತಾರೆ. ಹೆಪ್ಪನ್ನು ಮೆತ್ತಗಾಗುವಷ್ಟು ಮಾತ್ರ ಬೆಚ್ಚಗೆ ಮಾಡಿ. ಕರಗಿದರೆ ಹೆಪ್ಪೇ ಉಳಿಯಲಿಲ್ಲ. ಕಲಸುವಾಗ ಸೌಟು ತುಪ್ಪದ ಮೇಲ್ಮೈಯಿಂದ ಮೇಲೆ ಬರದಂತೆ ನಿಧಾನವಾಗಿ ತಿರುಗಿಸಿ. ಗಾಳಿ ಸೇರಿದರೆ ಆಮೇಲೆ ಮೇಲೆ ಬಿಳಿ ನೊರೆ ಕಟ್ಟುತ್ತದೆ. ಆಗಲೇ ಕಲ್ಲಾಗಿರುವ ಬಕೆಟ್ ಇದ್ದರೆ 32–35 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು, ಮೆತ್ತಗಾದಾಗ ಹೀಗೇ ಕಲಸಿ ಬಾಟಲಿಗೆ ತುಂಬಿದರೂ ಆಯಿತು.

ಹುಳಿ ಮತ್ತು ಬಿಸಿ

ನೀರಿನ ಅಂಶ 18ರ ಕೆಳಗಿರಲಿ ಅಂದೆನಲ್ಲ, ಕಾರಣ ಇದು. 100 ಗ್ರಾಂ ತುಪ್ಪದಲ್ಲಿ 18 ಗ್ರಾಂ ನೀರಿದೆ ಅಂದುಕೊಳ್ಳಿ. 15 ಗ್ರಾಂ ಗ್ಲೂಕೋಸ್ ಹರಳಾಗುತ್ತದೆ. ಹರಳಾಗುವಾಗ ಅದು ತನ್ನ ಜೊತೆ ಕಟ್ಟಿಕೊಳ್ಳುವುದು ಸುಮಾರು ಒಂದೂವರೆ ಗ್ರಾಂ ನೀರನ್ನು ಮಾತ್ರ. ಉಳಿದ 83.5 ಗ್ರಾಂ ದ್ರವದಲ್ಲಿ ನೀರು 16.5 ಗ್ರಾಂ, ಅಂದರೆ ಹತ್ತಿರ ಹತ್ತಿರ 20 ಶೇಕಡಾ. ತುಪ್ಪಕ್ಕೆ ಒಂದು ತೊಟ್ಟು ನೀರೂ ಸೇರಿಲ್ಲ, ಆದರೂ ಹರಳುಗಳ ನಡುವಿನ ದ್ರವ ತೆಳುವಾಗಿದೆ. ಜೇನುತುಪ್ಪದಲ್ಲಿ ಸಹಜವಾಗಿ ಇರುವ ಯೀಸ್ಟ್‌ಗೆ ಇದೇ ಬೇಕಾದ್ದು. ಸ್ವಲ್ಪ ಬೆಚ್ಚಗಿನ ಕೋಣೆಯಲ್ಲಿ ಅದು ಎಚ್ಚೆತ್ತುಕೊಳ್ಳುತ್ತದೆ, ಮುಚ್ಚಳ ಉಬ್ಬುತ್ತದೆ, ಹುಳಿ ವಾಸನೆ ಬರುತ್ತದೆ. ನೀರು 17.1 ಶೇಕಡಾಕ್ಕಿಂತ ಕಡಿಮೆಯಿದ್ದರೆ ಯೀಸ್ಟ್ ಎಷ್ಟೇ ಇದ್ದರೂ ಹುಳಿ ಬರುವುದಿಲ್ಲ. 11 ಡಿಗ್ರಿಗಿಂತ ತಣ್ಣಗೆ ಇಟ್ಟರೂ ಬರುವುದಿಲ್ಲ. ತುಪ್ಪ ಗಾಳಿಯಿಂದ ತೇವ ಹೀರುತ್ತದೆ, ಹಾಗಾಗಿ ಮುಚ್ಚಳ ಬಿಗಿಯಾಗಿರಬೇಕು.

ಬಾಟಲಿಯ ಒಳಗೋಡೆಯಲ್ಲಿ ಬಿಳಿ ಗೀರು, ಬಿಳಿ ಹೂವಿನ ಥರ ಗುರುತು ಬಂದರೆ ಅದು ಹುಳಿಯೂ ಅಲ್ಲ, ಬೂಷ್ಟೂ ಅಲ್ಲ. ಗಟ್ಟಿಯಾದ ತುಪ್ಪ ಸ್ವಲ್ಪ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡಾಗ ಆ ಸಂದಿಗೆ ಗಾಳಿ ಸೇರಿ ಹಾಗೆ ಕಾಣುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ. ಗಟ್ಟಿಯಾದ ತುಪ್ಪವನ್ನೇ ಸಕ್ಕರೆ ಬೆರೆಸಿದ್ದು ಅನ್ನುವವರೂ ಇದ್ದಾರೆ. ಇದು ನನಗೆ ಬೇಸರ ತರಿಸುವ ಮಾತು. ಹರಳಾಗುವುದು ತುಪ್ಪದೊಳಗಿನ ಗ್ಲೂಕೋಸಿನ ಗುಣ. ಗಟ್ಟಿಯಾಯಿತು ಅನ್ನುವುದರಿಂದ ಕಲಬೆರಕೆ ಅಂತ ಹೇಳಲು ಬರುವುದಿಲ್ಲ, ನೀರಾಗಿದೆ ಅನ್ನುವುದರಿಂದ ಶುದ್ಧ ಅಂತಲೂ ಹೇಳಲು ಬರುವುದಿಲ್ಲ.

ಇನ್ನು ಬಿಸಿ. ತುಪ್ಪ ಬಿಸಿಯಾದಷ್ಟೂ ಅದರಲ್ಲಿ ಎಚ್‌ಎಂಎಫ್ ಎಂಬ ವಸ್ತು ಹೆಚ್ಚುತ್ತದೆ. ತುಪ್ಪ ಎಷ್ಟು ಬಿಸಿ ಕಂಡಿದೆ, ಎಷ್ಟು ಹಳೆಯದು ಅಂತ ತಿಳಿಯಲು ಇದನ್ನೇ ಅಳೆಯುತ್ತಾರೆ. ಕೋಡೆಕ್ಸ್ ಮಿತಿ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ದೇಶಗಳ ತುಪ್ಪಕ್ಕೆ 80. ಕಿಲೋಗೆ 30 ಮಿಲಿಗ್ರಾಂ ಹುಟ್ಟಲು 40 ಡಿಗ್ರಿಯಲ್ಲಿ 20ರಿಂದ 50 ದಿನ ಬೇಕು. 60 ಡಿಗ್ರಿಯಲ್ಲಿ ಒಂದರಿಂದ ಎರಡೂವರೆ ದಿನ. 80 ಡಿಗ್ರಿಯಲ್ಲಿ ಒಂದೆರಡು ಗಂಟೆ. ಗಮನಿಸಿ, ಬಿಸಿ ಎರಡು ಪಟ್ಟಾದರೆ ಹಾನಿ ನೂರಾರು ಪಟ್ಟು. ಹಾಗಾಗಿ ಗಟ್ಟಿಯಾದ ಬಾಟಲಿಯನ್ನು 40 ಡಿಗ್ರಿ ನೀರಲ್ಲಿ, ಕೈ ಇಡಲು ಹಿತವೆನಿಸುವ ಬಿಸಿಯಲ್ಲಿ, ತಾಳ್ಮೆಯಿಂದ ಇಡಿ. ಕುದಿಯುವ ನೀರು ಬೇಡ. ಮತ್ತೊಂದು ಮಾತು: ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನುತುಪ್ಪವನ್ನೂ, ಒಂದು ಬೆರಳಿನಷ್ಟೂ, ನೆಕ್ಕಿಸಬಾರದು. ಅದರಲ್ಲಿರಬಹುದಾದ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬೀಜಾಣು ಮನೆಯಲ್ಲಿ ಬಿಸಿ ಮಾಡಿದರೆ ಸಾಯುವುದಿಲ್ಲ, ಎಳೆ ಮಗುವಿನ ಕರುಳು ಅದನ್ನು ತಡೆಯಲಾರದು.

ಹೂ ಮುಗಿದ ಮೇಲೆ

ಹೊಲದ ಹೂವು ಒಮ್ಮೆಲೇ ನಿಲ್ಲುತ್ತದೆ. ನಿನ್ನೆವರೆಗೆ ಪೆಟ್ಟಿಗೆ ತೆರೆದರೂ ತಲೆ ಕೆಡಿಸಿಕೊಳ್ಳದ ನೊಣಗಳು ಇವತ್ತು ಮೈಮೇಲೆ ಬರುತ್ತವೆ. ಸಾವಿರಾರು ನೊಣಗಳಿಗೆ ಕೆಲಸವಿಲ್ಲ, ಪಕ್ಕದ ದುರ್ಬಲ ಪೆಟ್ಟಿಗೆಗೆ ಲಗ್ಗೆ ಹಾಕಲು ನೋಡುತ್ತವೆ. ಈ ದಿನಗಳಲ್ಲಿ ಪೆಟ್ಟಿಗೆ ಜಾಸ್ತಿ ಹೊತ್ತು ತೆರೆದಿಡಬೇಡಿ, ತುಪ್ಪದ ಎರಿಯನ್ನು ಹೊರಗೆ ಬಿಡಬೇಡಿ, ಸಣ್ಣ ಕುಟುಂಬಗಳ ಬಾಗಿಲು ಕಿರಿದು ಮಾಡಿ.

ಇರುವುದನ್ನೆಲ್ಲ ಹಿಂಡಿಕೊಳ್ಳುವುದೂ ಬೇಡ. ಹೂವಿನ ಕಾಲದಲ್ಲಿ ಹುಟ್ಟಿದ ಆ ಹೊಸ ನೊಣಗಳು ಈಗ ಬಾಯಿಗಳಾಗಿ ನಿಂತಿವೆ. ಸಂಸಾರ ಕೋಣೆಯ ತುಪ್ಪ ಅವಕ್ಕೇ ಇರಲಿ. ಅದೂ ಗಟ್ಟಿಯಾಗಿರಬಹುದು, ನೊಣ ಅದನ್ನು ತಿನ್ನಬೇಕಾದರೆ ನೀರು ತಂದು ಕರಗಿಸಲೇಬೇಕು. ಹೊರಗೆ ಹಾರಲಾಗದಷ್ಟು ಚಳಿಯಿರುವ ಕಡೆ ಗಟ್ಟಿ ತುಪ್ಪದ ನಡುವೆಯೇ ಕುಟುಂಬ ಹಸಿದು ಸಾಯುವುದುಂಟು. ಅಂಥ ಕಡೆ ಚಳಿಗೆ ಮುಂಚೆ ತೆಳುವಾಗಿರುವ ಬೇರೆ ಮೇವನ್ನು ಕೂಡಿಸಿಕೊಡಬೇಕು.

ಹಿಂಡಿದ ಖಾಲಿ ಎರಿಗಳನ್ನು ಹಾಗೇ ಎತ್ತಿಡಬೇಡಿ. ಕಣಗಳ ತಳದಲ್ಲಿ ಸಾಸಿವೆ ತುಪ್ಪದ ಪದರ ಉಳಿದಿರುತ್ತದೆ. ಎರಡು ವಾರದಲ್ಲಿ ಅದು ಹರಳಾಗಿ, ಮುಂದಿನ ಹೂವಿನ ತುಪ್ಪ ಬಂದು ಬೀಳುವ ದಿನವೇ ಅದಕ್ಕೆ ಹೆಪ್ಪಾಗುತ್ತದೆ. ನಿಧಾನವಾಗಿ ಹರಳಾಗುವ ಹೂವಿನ ತುಪ್ಪವೂ ಆಗ ಬೇಗ ಗಟ್ಟಿಯಾಗುತ್ತದೆ. ಹಿಂಡಿದ ದಿನ ಸಂಜೆಯೇ, ನೊಣಗಳ ಓಡಾಟ ನಿಂತ ಮೇಲೆ, ಆ ಎರಿಗಳನ್ನು ಅವುಗಳ ಪೆಟ್ಟಿಗೆಗೇ ವಾಪಸು ಇಡಿ. ಒಂದೆರಡು ದಿನದಲ್ಲಿ ಕಣಗಳನ್ನು ನೆಕ್ಕಿ ಒಣಗಿಸಿರುತ್ತವೆ. ತೆಗೆದು ಬೆಳಕಿಗೆ ಹಿಡಿದು, ತಳದಲ್ಲಿ ಬಿಳಿ ಉಳಿದಿಲ್ಲ ಅಂತ ನೋಡಿಕೊಂಡು, ಮೇಣದ ಹುಳ ಸೇರದಂತೆ ಒಣ ಜಾಗದಲ್ಲಿ ಜೋಡಿಸಿಡಿ.